ಹೆಸರು ಕಳೆದುಕೊಂಡ 41 ಸಸಿಗಳು

ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರು ಎಷ್ಟು ದಿನ ಬಾಳುತ್ತೆ ಅಂತ ಯಾರಾದರೂ ಕೇಳಿದರೆ ನಾನು ಥಟ್ಟನೆ ಹೇಳಬಲ್ಲೆ. ಒಂದೂವರೆ ವರ್ಷ. ಅದೂ ನೆರಳಿನಲ್ಲಿದ್ದರೆ.

ಒಂದು ದಿನ ಬೆಳಿಗ್ಗೆ ನರ್ಸರಿಯ ನೆರಳುಬಲೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಸಸಿಗಳ ಪಕ್ಕ ಚುಚ್ಚಿದ್ದ ಬಿಳಿ ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ಬೆಳಕಿಗೆ ಹಿಡಿಯುತ್ತಿದ್ದೆ. ಓರೆ ಮಾಡಿ ನೋಡಿದರೆ ಒಂದರಲ್ಲಿ ‘3’ ಇದ್ದ ಹಾಗೆ, ಇನ್ನೊಂದರಲ್ಲಿ ಏನೋ ಗೀಟು ಎಳೆದ ಹಾಗೆ. ಅಷ್ಟೇ. ಒಟ್ಟು 41 ಸಸಿ. ಎಲ್ಲವೂ ಮೊಣಕಾಲೆತ್ತರ ಬೆಳೆದು ನಳನಳಿಸುತ್ತಿದ್ದವು. ಯಾವುದು ಯಾವ ತಾಯಿಮರದ ಬೀಜದ್ದು, ಯಾವ ಜಾಗದಿಂದ ಬಂದದ್ದು, ಒಂದೂ ಗೊತ್ತಿಲ್ಲ. ಕೆಲವಂತೂ ಯಾವ ಜಾತಿ ಅನ್ನೋದೇ ಖಚಿತವಿಲ್ಲ. ಎಳೆ ಸಸಿಯ ಎಲೆಗೂ ದೊಡ್ಡ ಮರದ ಎಲೆಗೂ ಎಷ್ಟೋ ಸಲ ಹೋಲಿಕೆಯೇ ಇರೋದಿಲ್ಲ.

ಪೈಪ್ ಹಿಡಿದು ನೀರು ಬಿಡುತ್ತಿದ್ದ ನಮ್ಮ ಹಿರಿಯ ಮಾಲಿ ನನ್ನ ಮುಖ ನೋಡಿ ನಕ್ಕರು. “ಗಿಡ ಚೆನ್ನಾಗಿದೆಯಲ್ಲ ಸಾರ್. ಹೆಸರು ಹೋದರೆ ಗಿಡಕ್ಕೇನು ನಷ್ಟ?”

ಗಿಡಕ್ಕೆ ಏನೂ ನಷ್ಟವಿಲ್ಲ, ನಿಜ. ನಷ್ಟವೆಲ್ಲ ನಮಗೆ. ಅದನ್ನು ಅವರಿಗೆ ಬಿಡಿಸಿ ಹೇಳೋಕೆ ಹೋದಾಗಲೇ, ನಾವು ಮಾಡಲು ಹೊರಟಿರುವುದು ಏನು ಅಂತ ನನಗೂ ಸರಿಯಾಗಿ ಅರ್ಥವಾಗಿದ್ದು.

ಅದಕ್ಕೆ ಎರಡು ವರ್ಷ ಹಿಂದೆ ನಾವು ಏಳು ಜನ ಒಂದು ಮೇಜಿನ ಸುತ್ತ ಕೂತಿದ್ದೆವು. 14 ಎಕರೆ ಪಾಳು ಭೂಮಿ ಕೈಗೆ ಬಂದಿತ್ತು. ಅಲ್ಲಿ ಅರ್ಬೊರೇಟಂ, ಅಂದರೆ ಬಗೆಬಗೆಯ ಮರಗಳನ್ನು ಹೆಸರು, ದಾಖಲೆ ಸಮೇತ ಬೆಳೆಸುವ ತೋಟ, ಮಾಡಬೇಕು ಅನ್ನೋದರಲ್ಲಿ ಎಲ್ಲರೂ ಒಂದೇ ಮಾತು. ಅದು ಯಾತಕ್ಕಾಗಿ ಅನ್ನೋದರಲ್ಲಿ ಮಾತ್ರ ಏಳು ಮಾತು. ಒಬ್ಬರಿಗೆ ಹೂಬಿಡುವ ಮರಗಳ ಸಾಲು ಬೇಕು, ಜನ ಬಂದು ಫೋಟೋ ತೆಗೆಸಿಕೊಳ್ಳಬೇಕು. ಸಸ್ಯಶಾಸ್ತ್ರ ಕಲಿಸುತ್ತಿದ್ದ ಮೇಡಂಗೆ ಸಂಶೋಧನೆಗೆ ಒದಗುವ ಸಂಗ್ರಹ ಬೇಕು. ಇನ್ನೊಬ್ಬರಿಗೆ ಅಳಿವಿನ ಅಂಚಿನಲ್ಲಿರುವ ಮರಗಳನ್ನು ಉಳಿಸಬೇಕು. ವಾಕಿಂಗ್ ಪಾತ್ ಬೇಕೇ ಬೇಕು ಅಂತ ಹಟ ಹಿಡಿದವರೂ ಇದ್ದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಅದೇ ತಪ್ಪಾಯಿತು. ತಲೆಯಾಡಿಸಿದವನಿಗೇ ಯೋಜನೆ ಬರೆಯುವ ಕೆಲಸ ಅಂಟಿಕೊಂಡಿತು.

ಬರೆಯೋಕೆ ಕೂತಾಗ ಗೊತ್ತಾಯಿತು, ಈ ಜಗಳ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಡರ್ಬಿ ಊರಿನಲ್ಲಿ 1840ರಲ್ಲಿ ಒಂದು ಅರ್ಬೊರೇಟಂ ತೆರೆಯಿತು. ಜೋಸೆಫ್ ಸ್ಟ್ರಟ್ ಅನ್ನುವ ಗಿರಣಿ ಮಾಲೀಕ ಜಾಗ ಕೊಟ್ಟ, ಜಾನ್ ಕ್ಲಾಡಿಯಸ್ ಲೌಡನ್ ಅನ್ನುವ ತೋಟಶಿಲ್ಪಿ ನಕ್ಷೆ ಹಾಕಿದ. ದುಡಿಯುವ ಜನ ಓಡಾಡಿ ಹಗುರಾಗಬೇಕು, ಜತೆಗೆ ಮರಗಳನ್ನು ಗುರುತಿಸೋದನ್ನೂ ಕಲಿಯಬೇಕು ಅನ್ನೋದು ಅವರ ಆಸೆ. ಅಂದರೆ ನಮ್ಮ ಮೇಜಿನ ಮೇಲಿದ್ದ ವಾಕಿಂಗ್ ಪಾತ್ ಮತ್ತು ಹೆಸರುಪಟ್ಟಿ ಎರಡೂ ಆಗಲೇ ಜೊತೆಯಾಗಿದ್ದವು. ಉಳಿಸುವ ಮಾತು ಬಂದದ್ದು ಆಮೇಲೆ. ಈಗ ಅದೇ ದೊಡ್ಡ ಮಾತು. ಜಗತ್ತಿನಲ್ಲಿ ಮರದ ಜಾತಿಗಳು ಹತ್ತಿರಹತ್ತಿರ 60,000 ಇವೆ. ಅವುಗಳಲ್ಲಿ ಸುಮಾರು ಶೇ. 30 ಅಳಿವಿನ ಭೀತಿಯಲ್ಲಿವೆ ಅಂತ 2021ರಲ್ಲಿ ಬಂದ ಜಾಗತಿಕ ವರದಿ ಹೇಳಿತು. 50ಕ್ಕಿಂತ ಕಡಿಮೆ ಮರ ಉಳಿದಿರುವ ಜಾತಿಗಳೇ 400ಕ್ಕೂ ಜಾಸ್ತಿ.

ಈ ಅಂಕಿ ನೋಡಿದ ಮೇಲೆ ಸಭೆಯಲ್ಲಿ ಹೊಸ ಹುರುಪು ಬಂತು. “ಹಾಗಾದರೆ 500 ಜಾತಿ ತರೋಣ, ಒಂದೊಂದು ಗಿಡ ಸಾಕು” ಅಂದರು ಒಬ್ಬರು. ನನಗೂ ಅದು ಸರಿ ಅನ್ನಿಸಿತ್ತು. ಮೇಡಂ ಒಪ್ಪಲಿಲ್ಲ. ಅವರು ಫ್ರಾಂಕ್ಲಿನಿಯಾ ಮರದ ಕಥೆ ಹೇಳಿದರು. 1765ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಆಲ್ಟಮಹಾ ನದಿಯ ದಂಡೆಯಲ್ಲಿ ಜಾನ್ ಬಾರ್ಟ್ರಮ್ ಮತ್ತು ಅವರ ಮಗ ವಿಲಿಯಂ ಈ ಮರವನ್ನು ನೋಡಿದರು. ಆಮೇಲೆ ಮಗ ಬೀಜ ತಂದು ತಮ್ಮ ತೋಟದಲ್ಲಿ ಬೆಳೆಸಿದ. 1803ರ ನಂತರ ಕಾಡಿನಲ್ಲಿ ಆ ಮರವನ್ನು ಯಾರೂ ಕಂಡಿಲ್ಲ. ಇವತ್ತು ಬದುಕಿರುವ ಫ್ರಾಂಕ್ಲಿನಿಯಾಗಳೆಲ್ಲ ತೋಟದಲ್ಲಿ ಉಳಿದವುಗಳ ಸಂತಾನ. “ಜಾತಿ ಉಳಿಯಿತು, ಸಂತೋಷ. ಆದರೆ ಎಲ್ಲವೂ ಒಂದೇ ಮನೆಯ ಮಕ್ಕಳ ಥರ. ನಾಳೆ ಒಂದು ರೋಗ ಬಂದರೆ ತಡೆಯುವ ಗುಣ ಯಾರಲ್ಲೂ ಇಲ್ಲದೆ ಹೋಗಬಹುದು” ಅಂದರು. ಒಂದೊಂದೇ ಗಿಡ ಇಟ್ಟರೆ ಅದು ಅಂಚೆಚೀಟಿ ಸಂಗ್ರಹ ಆಗುತ್ತೆ ಅಂತಲೂ ಸೇರಿಸಿದರು. ಆ ಮಾತಿಗೆ 500ರವರು ಸ್ವಲ್ಪ ಮುನಿಸಿಕೊಂಡರು.

ಕೊನೆಗೆ 38 ಜಾತಿ ಅಂತ ತೀರ್ಮಾನವಾಯಿತು. ಅದರಲ್ಲಿ ಆರು ಜಾತಿಗೆ ಹೆಚ್ಚು ಜಾಗ, ಹೆಚ್ಚು ತಾಯಿಮರ, ಹೆಚ್ಚು ಗಿಡ. ಉಳಿದವು ಜನ ನೋಡಿ ಕಲಿಯೋಕೆ. ಯಾವುದನ್ನು ತರಬಾರದು ಅನ್ನೋದನ್ನೂ ಎರಡು ಪುಟ ಬರೆದೆವು. ನನ್ನ ಕೇಳಿದರೆ ಇಡೀ ಯೋಜನೆಯಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು ಆ ಎರಡು ಪುಟ. ಮನೆ ಕಟ್ಟುವವರು, ತೋಟ ಮಾರುವವರು, ಹುಟ್ಟುಹಬ್ಬದ ನೆನಪಿಗೆ ಗಿಡ ಕೊಡುವವರು, ಎಲ್ಲರೂ ಬಂದರು. “ದಯವಿಟ್ಟು ಕ್ಷಮಿಸಿ, ನಿಯಮದಲ್ಲಿ ಇಲ್ಲ” ಅಂತ ಪುಟ ತೋರಿಸಿದರೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಮೊದಲ ವರ್ಷ ಒಂದು ಗಿಡವನ್ನೂ ನೆಡಲಿಲ್ಲ. ಇದು ಬಹಳ ಕಷ್ಟ. ದುಡ್ಡು ಕೊಟ್ಟವರು “ಏನ್ರೀ, ಇನ್ನೂ ಖಾಲಿ ಜಾಗವೇ?” ಅಂತ ಕೇಳುತ್ತಿದ್ದರು. ನಾವು ಮಳೆಯಲ್ಲಿ ಕೊಡೆ ಹಿಡಿದು ನೀರು ಎಲ್ಲಿ ಹರಿಯುತ್ತೆ, ಎಲ್ಲಿ ನಿಲ್ಲುತ್ತೆ ಅಂತ ನಕ್ಷೆಯಲ್ಲಿ ಗುರುತು ಹಾಕುತ್ತಿದ್ದೆವು. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬೋದು, ಇಂಗಿದ ಮೇಲೆ ಮತ್ತೆ ತುಂಬಿ ಗಡಿಯಾರ ನೋಡೋದು. ಮೇಲಿನ ದಿಬ್ಬದಲ್ಲಿ ಮುಕ್ಕಾಲು ಗಂಟೆಯಲ್ಲಿ ಇಂಗಿತು. ಕೆಳಗಿನ ಮೂಲೆಯಲ್ಲಿ ಮರುದಿನ ಬೆಳಿಗ್ಗೆ ನೋಡಿದರೆ ಗುಂಡಿಯಲ್ಲಿ ನೀರು ಹಾಗೇ ಇದೆ, ಅದರಲ್ಲಿ ಒಂದು ಕಪ್ಪೆ ಬೇರೆ. ನಕ್ಷೆಯಲ್ಲಿ ನಮ್ಮ ಅತಿ ಅಪರೂಪದ ಜಾತಿಗೆ ಅಂತ ಇಟ್ಟಿದ್ದು ಅದೇ ಮೂಲೆ. ಸುಮ್ನೆ ಅವಸರ ಮಾಡಿ ನೆಟ್ಟಿದ್ದರೆ ಬೇರು ಕೊಳೆತು ಎಲ್ಲ ಹೋಗುತ್ತಿತ್ತು.

ಜಾಗದಲ್ಲಿ ಮೊದಲೇ ಇದ್ದ ಮರಗಳನ್ನೂ ಆ ವರ್ಷ ಎಣಿಸಿದೆವು. ದೊಡ್ಡವು 63. ಒಂದೊಂದಕ್ಕೂ ನಂಬರ್ ಕೊಟ್ಟೆವು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪ್ ಸುತ್ತಿ ಸುತ್ತಳತೆ ಬರೆದುಕೊಂಡೆವು. ಮರ ಅಳೆಯುವವರು ಹೆಚ್ಚಿನ ಕಡೆ ಇದೇ ಎತ್ತರ ಹಿಡಿಯುತ್ತಾರೆ. ಎಲ್ಲರೂ ಒಂದೇ ಎತ್ತರದಲ್ಲಿ ಅಳೆದರೆ ಮಾತ್ರ ಹತ್ತು ವರ್ಷದ ನಂತರದ ಅಳತೆಗೆ ಅರ್ಥ ಇರುತ್ತೆ.

ಆಮೇಲೆ ಬೀಜ. ನನಗೆ ಬಹಳ ಇಷ್ಟವಾದ ಭಾಗ ಇದೇ. ನರ್ಸರಿಯಿಂದ ಸಸಿ ಕೊಂಡು ತಂದರೆ ಒಂದು ವಾರದ ಕೆಲಸ. ಆದರೆ ಆ ಸಸಿಯ ಬೀಜ ಎಲ್ಲಿಂದ ಬಂತು ಅಂತ ಕೇಳಿದರೆ ಅಂಗಡಿಯವರು ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಅದಕ್ಕೇ ಕಾಡಿಗೆ ಹೋಗಬೇಕು. ಹೋಗುವ ಮುಂಚೆ ಅನುಮತಿ ಬೇಕು. ಭೂಮಿ ಯಾರದೋ ಅವರದ್ದು, ಕಾಡು ನೋಡಿಕೊಳ್ಳುವ ಕಚೇರಿಯದ್ದು, ಬೀಜ ದೇಶದ ಗಡಿ ದಾಟಿದರೆ ಇನ್ನೂ ಜಾಸ್ತಿ ಕಾಗದ. 2010ರ ನಗೋಯಾ ಒಪ್ಪಂದ 2014ರಿಂದ ಜಾರಿಗೆ ಬಂದ ಮೇಲೆ, ಒಂದು ದೇಶದ ಗಿಡದಿಂದ ಬಂದ ಲಾಭದಲ್ಲಿ ಆ ದೇಶಕ್ಕೂ ಅಲ್ಲಿನ ಜನಕ್ಕೂ ಪಾಲಿರಬೇಕು ಅನ್ನೋದು ನಿಯಮ. ನಮ್ಮ ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗೋದರೊಳಗೆ ಒಂದು ಜಾತಿಯ ಹಣ್ಣೆಲ್ಲ ಉದುರಿ ಹೋಯಿತು. ಆ ಮರ ಪ್ರತಿ ವರ್ಷ ಕಾಯಿ ಬಿಡೋದಲ್ಲ. ಮತ್ತೆ ಮೂರು ವರ್ಷ ಕಾದೆವು.

ಹೊರಟ ದಿನ ಕೆಲಸ ಹೀಗಿರುತ್ತಿತ್ತು. ಮರ ಸಿಕ್ಕಿತು. ಮೊದಲು ಜಿಪಿಎಸ್ ನೋಡಿ ಜಾಗ ಬರೆಯೋದು. ಎತ್ತರ, ಇಳಿಜಾರು, ಮಣ್ಣಿನ ಬಣ್ಣ, ಸುತ್ತ ಏನೇನು ಮರ ಇವೆ, ಅದೂ ಬರಬೇಕು. ಆಮೇಲೆ ಎಲೆ, ಹೂವೋ ಕಾಯೋ ಇರುವ ಒಂದು ರೆಂಬೆ ಕತ್ತರಿಸಿ ಪೇಪರ್ ಮಧ್ಯೆ ಇಟ್ಟು ಒತ್ತೋದು. ಇದು ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆ. ನಾವು ಹೆಸರು ತಪ್ಪು ಹೇಳಿದ್ದರೆ ಮುಂದೆ ಯಾರೋ ತಿಳಿದವರು ಈ ಒಣ ರೆಂಬೆ ನೋಡಿ ತಿದ್ದಬಹುದು. ಅದು ಮರದ ಸಾಕ್ಷಿ ಇದ್ದ ಹಾಗೆ. ಕೊನೆಗೆ ಬೀಜ. ಕಾಡಿನಲ್ಲಿ ಆಗಲೇ ಕಡಿಮೆ ಇರುವ ಮರ ಅಂದಮೇಲೆ ಇದ್ದದ್ದೆಲ್ಲ ಬಾಚಿಕೊಂಡು ಬರುವಂತಿಲ್ಲ. ಹಕ್ಕಿಗೆ, ಅಳಿಲಿಗೆ, ಮಣ್ಣಿಗೆ ಬಿಟ್ಟು ಉಳಿದದ್ದರಲ್ಲಿ ಒಂದು ಪಾಲು ನಮ್ಮದು. ಒಂದೇ ಮರದಿಂದ ಒಂದು ಚೀಲ ತರೋದು ಸುಲಭ. ಆದರೆ ಒಂದು ಜಾತಿಯ ವೈವಿಧ್ಯ ಸುಮಾರಾಗಿ ಸಿಗಬೇಕಾದರೆ 50 ತಾಯಿಮರವಾದರೂ ಬೇಕು ಅನ್ನೋದು ಈ ಕೆಲಸದವರು ಹಿಡಿಯುವ ಲೆಕ್ಕ. ನಮಗೆ ಒಂದು ಜಾತಿಯಲ್ಲಿ 50 ದಾಟಲು ಸಾಧ್ಯವಾಯಿತು. ಇನ್ನೊಂದರಲ್ಲಿ ಎಷ್ಟು ಅಲೆದರೂ ಸಿಕ್ಕಿದ್ದು ಒಂಬತ್ತೇ ಮರ. ಒಂಬತ್ತೂ ಒಂದೇ ಹಳ್ಳದ ಪಕ್ಕ.

ಪ್ರತಿ ತಾಯಿಮರದ ಬೀಜಕ್ಕೂ ಬೇರೆ ಬಟ್ಟೆ ಚೀಲ, ಒಳಗೊಂದು ಚೀಟಿ, ಹೊರಗೊಂದು ಚೀಟಿ. ಪ್ಲಾಸ್ಟಿಕ್ ಕವರ್‌ಗೆ ಹಾಕಿದರೆ ಬೆವೆತು ಬೂಷ್ಟು ಹಿಡಿಯುತ್ತೆ. ಹಾಗಂತ ಪೂರ್ತಿ ಒಣಗಿಸೋಕೂ ಆಗೋದಿಲ್ಲ. ಎಷ್ಟೋ ಗಿಡಗಳ ಬೀಜವನ್ನು ಚೆನ್ನಾಗಿ ಒಣಗಿಸಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಹಲವು ದಶಕ ಬದುಕುತ್ತೆ. ಬೀಜ ಬ್ಯಾಂಕುಗಳು ನಡೆಯೋದೇ ಹಾಗೆ. ಆದರೆ ಮಾವು, ಹಲಸು, ಓಕ್ ಇಂಥವುಗಳ ಬೀಜ ಒಣಗಿದರೆ ಸತ್ತಿತು. ಇಂಥ ಮರಗಳಿಗೆ ಆ ಬ್ಯಾಂಕಿನಲ್ಲಿ ಜಾಗವಿಲ್ಲ. ಬೆಳೆದು ನಿಂತ ಮರವೇ ಅವುಗಳ ತಿಜೋರಿ. ಅರ್ಬೊರೇಟಂ ಯಾಕೆ ಬೇಕು ಅಂತ ಕೇಳುವವರಿಗೆ ನಾನು ಈಗ ಹೂವಿನ ಮಾತು ಬಿಟ್ಟು ಇದನ್ನೇ ಹೇಳುತ್ತೇನೆ. ಆರು ಮುಖ್ಯ ಜಾತಿಗಳಲ್ಲಿ ನಾಲ್ಕು ಇಂಥವೇ ಆದ್ದರಿಂದ ಬೀಜ ತಂದ ಮೂರು ದಿನದೊಳಗೆ ಮಣ್ಣಿಗೆ ಹಾಕಬೇಕಿತ್ತು. ಎರಡು ರಾತ್ರಿ ಟಾರ್ಚ್ ಬೆಳಕಿನಲ್ಲಿ ಬಿತ್ತಿದ್ದೇವೆ.

ಚೀಲ ಬಂದ ತಕ್ಷಣ ದಾಖಲೆ ಪುಸ್ತಕದಲ್ಲಿ ನಂಬರ್ ಹಾಕೋದು. ಮೊದಲು ಇಸವಿ, ಆಮೇಲೆ ಆ ವರ್ಷದ ಎಷ್ಟನೇ ಸಂಗ್ರಹ, ಕೊನೆಗೆ ಅದರಲ್ಲಿ ಎಷ್ಟನೇ ಗಿಡ. ಜೊತೆಗೆ ಮೂಲದ ಗುರುತಿಗೆ ಒಂದಕ್ಷರ. ಕಾಡಿನಿಂದ ನೇರ ಬಂದದ್ದಕ್ಕೆ ‘ಡಬ್ಲ್ಯೂ’. ಹಾಗೆ ಬಂದ ಗಿಡದಿಂದ ತೋಟದಲ್ಲಿ ಮತ್ತೆ ಬೆಳೆಸಿದ್ದಕ್ಕೆ ‘ಜಡ್’. ತೋಟದ ಮೂಲದ್ದೇ ಆದರೆ ‘ಜಿ’. ಏನೂ ಗೊತ್ತಿಲ್ಲದಿದ್ದರೆ ‘ಯು’. ಬೇರೆ ಬೇರೆ ದೇಶದ ಸಸ್ಯೋದ್ಯಾನಗಳು ತಮ್ಮ ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸಿ ನೋಡಲು ಇದೇ ಅಕ್ಷರಗಳನ್ನು ಬಳಸುತ್ತವೆ. ಈ ಕೊನೆಯ ‘ಯು’ ನಮ್ಮ ಪುಸ್ತಕದಲ್ಲಿ ಬರಲೇಬಾರದು ಅಂತ ನಾನು ಮೊದಲ ಪುಟದಲ್ಲೇ ಬರೆದಿದ್ದೆ. ಕೆಂಪು ಶಾಯಿಯಲ್ಲಿ.

ಮುಂದೆ ಏನಾಯಿತು ಅಂತ ನಿಮಗೆ ಗೊತ್ತಿದೆ. ಒಬ್ಬ ಹುಡುಗ ಬಿತ್ತನೆ ದಿನ ಪೆನ್ಸಿಲ್ ಸಿಗದೆ ಮಾರ್ಕರ್ ಬಳಸಿದ್ದ. ಅವನ ತಪ್ಪಲ್ಲ, ಪೆನ್ಸಿಲ್ ಡಬ್ಬ ನನ್ನ ಬ್ಯಾಗಿನಲ್ಲಿತ್ತು. ಪೆನ್ಸಿಲ್‌ನ ಗ್ರಾಫೈಟ್ ಬಿಸಿಲಿಗೆ ಮಾಸೋದಿಲ್ಲ, ಶಾಯಿ ಮಾಸುತ್ತೆ. ಇದು ಗೊತ್ತಿದ್ದೂ ಒಂದೂವರೆ ವರ್ಷದಲ್ಲಿ ಒಮ್ಮೆಯೂ ಪಟ್ಟಿಗಳನ್ನು ತಿರುಗಿಸಿ ನೋಡಿರಲಿಲ್ಲ. ಮಡಿಯ ನಕ್ಷೆಯೂ ಇತ್ತು. ಆದರೆ ಒಂದು ಗಾಳಿಯ ರಾತ್ರಿ ಬಲೆ ಹರಿದು ಕುಂಡಗಳೆಲ್ಲ ಉರುಳಿದ್ದವು. ಪಾಪ, ಮಾಲಿ ಬೆಳಿಗ್ಗೆ ಎದ್ದು ಎಲ್ಲವನ್ನೂ ಅಚ್ಚುಕಟ್ಟಾಗಿ, ಎತ್ತರದ ಪ್ರಕಾರ ಜೋಡಿಸಿಟ್ಟಿದ್ದರು. ಬಹಳ ಚೆನ್ನಾಗಿ ಕಾಣುತ್ತಿತ್ತು.

ಅವತ್ತಿನಿಂದ ಪ್ರತಿ ಗಿಡಕ್ಕೂ ಎರಡು ಗುರುತು. ಒಂದು ಪೆನ್ಸಿಲ್‌ನದ್ದು. ಇನ್ನೊಂದು ತೆಳು ಅಲ್ಯೂಮಿನಿಯಂ ಪಟ್ಟಿ. ಬಾಲ್ ಪೆನ್ನನ್ನು ಒತ್ತಿ ಬರೆದರೆ ಲೋಹದಲ್ಲೇ ಗೀರು ಬೀಳುತ್ತೆ. ಶಾಯಿ ಹೋದರೂ ಬೆರಳಿಟ್ಟು ಓದಬಹುದು.

ನೆಡುವ ಕಾಲ ಬಂತು. ಇಲ್ಲಿ ನಾನು ಮಾಲಿಯ ಹತ್ತಿರ ಕಲಿತದ್ದು, ಪುಸ್ತಕದಲ್ಲಿ ಓದಿದ್ದು ಎರಡೂ ಒಂದೇ ಆಗಿತ್ತು. ಆದರೂ ಮೊದಲ ದಿನ ತಪ್ಪೇ ಮಾಡಿದೆವು. ಆಳವಾಗಿ ನೆಟ್ಟರೆ ಗಿಡ ಗಟ್ಟಿಯಾಗಿ ನಿಲ್ಲುತ್ತೆ ಅಂತ ಎಲ್ಲರಿಗೂ ಅನ್ನಿಸುತ್ತೆ ಅಲ್ವಾ? ನಮ್ಮ ಸ್ವಯಂಸೇವಕರು ಮೊಣಕಾಲುದ್ದ ಗುಂಡಿ ತೋಡಿ, ಗಿಡ ಇಳಿಸಿ, ಕಾಂಡದ ಮೇಲೆ ಗೇಣುದ್ದ ಮಣ್ಣು ಏರಿಸಿ ತುಳಿದಿದ್ದರು. ಮಾಲಿ ಬಂದು ನೋಡಿ, ಮಾತಾಡದೆ ಬಗ್ಗಿ ಕೈಯಲ್ಲೇ ಮಣ್ಣು ಕೆರೆದರು. ಕೆರೆಯುತ್ತಾ ಹೋದ ಹಾಗೆ ಕಾಂಡ ಒಂದೇ ದಪ್ಪ ಇತ್ತು. ಸ್ವಲ್ಪ ಕೆಳಗೆ ಬಂದಾಗ ಅದು ಅಗಲವಾಗಿ, ಕೋಳಿ ಕಾಲಿನ ಹಾಗೆ ಕವಲೊಡೆಯಿತು. ಅಲ್ಲಿಗೆ ನಿಲ್ಲಿಸಿ, “ಇದು ಗಾಳಿಗೆ ಕಾಣಬೇಕು ಸಾರ್, ಇಲ್ಲಿ ತೊಗಟೆ ಕೊಳೆತರೆ ಹತ್ತು ವರ್ಷ ಆದಮೇಲೆ ಸಾಯುತ್ತೆ, ಆಗ ಯಾರಿಗೂ ಕಾರಣ ಗೊತ್ತಾಗಲ್ಲ” ಅಂದರು. ಅವತ್ತು ನೆಟ್ಟ 22 ಗಿಡಗಳನ್ನೂ ಮೇಲೆತ್ತಿ ಮತ್ತೆ ನೆಟ್ಟೆವು. ಡರ್ಬಿಯಲ್ಲಿ ಲೌಡನ್ ಮರಗಳನ್ನು ಸಣ್ಣ ದಿಬ್ಬದ ಮೇಲೆ ನೆಡಿಸಿದ್ದನಂತೆ, ಬುಡದಲ್ಲಿ ಬೇರು ಹರಡುವ ಅಂದ ಜನಕ್ಕೆ ಕಾಣಲಿ ಅಂತ. ನಾವೂ ನೀರು ನಿಲ್ಲುವ ಮೂಲೆಯಲ್ಲಿ ಹಾಗೇ ಮಾಡಿದೆವು. ಅಂದಕ್ಕಲ್ಲ, ಕಪ್ಪೆಯ ಕಾಟಕ್ಕೆ.

ಕುಂಡದಲ್ಲಿ ಜಾಸ್ತಿ ದಿನ ಇದ್ದ ಗಿಡಗಳ ಬೇರು ಗೋಡೆಯುದ್ದಕ್ಕೂ ಸುತ್ತಿಕೊಂಡು ಹಗ್ಗದ ಸುರುಳಿಯ ಹಾಗೆ ಆಗಿರುತ್ತೆ. ಹಾಗೇ ನೆಟ್ಟರೆ ಮಣ್ಣಿನಲ್ಲೂ ಸುತ್ತುತ್ತಲೇ ಇರುತ್ತೆ, ದಪ್ಪಗಾದ ಮೇಲೆ ತನ್ನ ಕಾಂಡವನ್ನೇ ಬಿಗಿಯುತ್ತೆ. ಚೂರಿಯಿಂದ ಮೂರ್ನಾಲ್ಕು ಕಡೆ ಮೇಲಿಂದ ಕೆಳಗೆ ಸೀಳಬೇಕು. ಎರಡು ವರ್ಷ ಮಗುವಿನ ಹಾಗೆ ಸಾಕಿದ ಗಿಡದ ಬೇರಿಗೆ ಚೂರಿ ಹಾಕೋಕೆ ಕೈ ಬರೋದಿಲ್ಲ. ಹಾಕಿದೆ. ಸುತ್ತ ತರಗೆಲೆಯ ಹೊದಿಕೆ ಹಾಸಿ, ಬುಡದ ಹತ್ತಿರ ಮಾತ್ರ ಒಂದು ಕೈಯಗಲ ಖಾಲಿ ಬಿಟ್ಟೆವು.

ಮೊದಲ ಬೇಸಿಗೆಯಲ್ಲಿ 180ರಲ್ಲಿ 57 ಸತ್ತವು. ನೀರಿನ ಪಂಪು ಕೆಟ್ಟ ಒಂಬತ್ತು ದಿನಗಳಲ್ಲೇ ಹೆಚ್ಚಿನವು ಹೋದವು. ರಿಪೇರಿಯವರು ಪ್ರತಿ ದಿನ ನಾಳೆ ಬರುತ್ತೇನೆ ಅನ್ನುತ್ತಿದ್ದರು. ಸತ್ತ ಗಿಡದ ದಾಖಲೆಯನ್ನು ಅಳಿಸುವಂತಿಲ್ಲ. ದಿನಾಂಕ ಹಾಕಿ, ಕಾರಣ ಬರೆದು, ಪಟ್ಟಿ ಬಿಚ್ಚಿ ಡಬ್ಬದಲ್ಲಿ ಹಾಕಬೇಕು. ಅದೇ ನಂಬರನ್ನು ಇನ್ನೊಂದು ಗಿಡಕ್ಕೆ ಕೊಡುವ ಹಾಗೂ ಇಲ್ಲ. ನನ್ನ ಮೇಜಿನ ಕೆಳಗೆ ಆ ಡಬ್ಬ ಇದೆ. ಎತ್ತಿದರೆ ಝಣಝಣ ಅನ್ನುತ್ತೆ.

ಮೂರನೇ ವರ್ಷ ಮೊದಲ ಬಾರಿಗೆ ಒಬ್ಬ ಸಂಶೋಧಕಿ ಪತ್ರ ಬರೆದಳು. ಬರ ತಡೆಯುವ ಗುಣದ ಮೇಲೆ ಕೆಲಸ ಮಾಡುತ್ತಿದ್ದಳು. ನಮ್ಮ ಒಂದು ಜಾತಿಯ ಎಲೆ ಬೇಕಿತ್ತು. ಮರದ ಎತ್ತರ ಎಷ್ಟು, ಹೂ ಯಾವಾಗ ಅಂತೆಲ್ಲ ನಾನು ಉತ್ಸಾಹದಿಂದ ಬರೆದೆ. ಅವಳ ಮರು ಪತ್ರದಲ್ಲಿ ಒಂದೇ ಸಾಲು: ಯಾವ ಗಿಡ ಯಾವ ತಾಯಿಮರದ್ದು ಅನ್ನೋ ಪಟ್ಟಿ ಕಳಿಸಿ. ಕಳಿಸಿದೆ. 112 ಗಿಡಗಳಲ್ಲಿ ಅವಳು ಆರಿಸಿದ್ದು 60. ಒಣ ದಿಬ್ಬದ ತಾಯಿಯ ಮಕ್ಕಳು 30, ಹಳ್ಳದ ಪಕ್ಕದ ತಾಯಿಯ ಮಕ್ಕಳು 30. ಒಂದೇ ಮಣ್ಣು, ಒಂದೇ ಮಳೆ, ಪಕ್ಕಪಕ್ಕ ಬೆಳೆದಿವೆ. ಈಗ ಇವುಗಳಲ್ಲಿ ವ್ಯತ್ಯಾಸ ಕಂಡರೆ ಅದು ತಾಯಿಯಿಂದ ಬಂದದ್ದು ಅಂತ ಹೇಳಲು ಒಂದು ದಾರಿ ಸಿಕ್ಕಿತು. ಕಾಡಿನಲ್ಲಿ ನಿಂತು ಇದನ್ನು ಹೇಳೋಕೆ ಆಗೋದಿಲ್ಲ. ಅವಳು ಬಂದು ಎಲೆ ಕತ್ತರಿಸುತ್ತಿದ್ದಾಗ ಮಾಲಿ ಪಕ್ಕದಲ್ಲೇ ನಿಂತಿದ್ದರು. ಸಂಜೆ ನನ್ನ ಹತ್ತಿರ ಬಂದು, “ಆ 41 ಯಾಕೆ ಅವರು ಮುಟ್ಟಲಿಲ್ಲ ಅಂತ ಈಗ ಗೊತ್ತಾಯ್ತು” ಅಂದರು.

ಮರ ಉಳಿಸೋದು ಅಂದರೆ ಹಂಚೋದು ಕೂಡ. 1941ರಲ್ಲಿ ಜಪಾನಿನ ಶಿಗೇರು ಮಿಕಿ ಪಳೆಯುಳಿಕೆ ನೋಡಿ ಮೆಟಾಸಿಕೋಯಾ ಅಂತ ಹೆಸರಿಟ್ಟ ಮರ, ಕೆಲವೇ ವರ್ಷಗಳಲ್ಲಿ ಚೀನಾದಲ್ಲಿ ಜೀವಂತ ಸಿಕ್ಕಿತು. 1947ರಲ್ಲಿ ಅಮೆರಿಕದ ಆರ್ನಾಲ್ಡ್ ಅರ್ಬೊರೇಟಂ ಕೊಟ್ಟ ಹಣದಲ್ಲಿ ಬೀಜ ಸಂಗ್ರಹಿಸಿದರು. ಮರುವರ್ಷವೇ ಆ ಬೀಜ ಎಷ್ಟೋ ದೇಶಗಳ ತೋಟಗಳಿಗೆ ಹೋಯಿತು. ಇದನ್ನು ಓದಿದ ಮೇಲೆ ನಾವೂ ಒಂಬತ್ತು ತಾಯಿಯ ಆ ಜಾತಿಯ ಅರ್ಧ ಸಸಿಗಳನ್ನು ಇನ್ನೆರಡು ಉದ್ಯಾನಗಳಿಗೆ ಕೊಟ್ಟೆವು. ಕೊಡುವಾಗ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಪಂಪು ನಮ್ಮದೊಂದೇ, ಅದು ಮತ್ತೆ ಕೆಡುತ್ತೆ. ಮುಂದೆ ನಮ್ಮ ಮರಗಳೇ ಬಿಡುವ ಬೀಜವನ್ನು ಕಾಡಿಗೆ ಕೊಡೋಕೆ ಹೋಗಬೇಡಿ ಅಂತಲೂ ಮೇಡಂ ಎಚ್ಚರಿಸಿದ್ದಾರೆ. ಕಾಡಿನಲ್ಲಿ ದೂರ ದೂರ ಇದ್ದ ಸೋದರ ಜಾತಿಗಳನ್ನು ನಾವು ಪಕ್ಕಪಕ್ಕ ತಂದಿಟ್ಟಿದ್ದೇವೆ. ಜೇನುಹುಳ ನಮ್ಮ ನಕ್ಷೆ ನೋಡಿ ಹಾರೋದಿಲ್ಲ. ಬರುವ ಬೀಜ ಬೆರಕೆ ಇರಬಹುದು.

ನಾಲ್ಕನೇ ವರ್ಷ ಗೇಟು ತೆರೆದೆವು. ಜನ ಬಂದರು. ಬರಲಿ ಅಂತಲೇ ಅಲ್ವಾ ಮಾಡಿದ್ದು. ಆದರೆ ಜನ ನಾವು ಹಾಕಿದ ದಾರಿಯಲ್ಲಿ ನಡೆಯಲಿಲ್ಲ. ನಮ್ಮ ದಾರಿ ನಕ್ಷೆಯಲ್ಲಿ ಚಂದವಾಗಿ ಬಳುಕಿತ್ತು. ಜನಕ್ಕೆ ಗೇಟಿನಿಂದ ಹಳೇ ದೊಡ್ಡ ಮರದ ನೆರಳಿಗೆ ನೇರ ಹೋಗಬೇಕಿತ್ತು. ಎರಡು ತಿಂಗಳಲ್ಲಿ ಹುಲ್ಲು ಸವೆದು ಒಂದು ಗೆರೆ ಮೂಡಿತು. ಮರದ ಸುತ್ತ ನೆಲ ಸಿಮೆಂಟಿನ ಹಾಗೆ ಗಟ್ಟಿಯಾಯಿತು. ಮರದ ಬೇರು ಬಹುಪಾಲು ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತೆ, ನೆರಳಿಗಿಂತ ಆಚೆಗೂ ಹರಡುತ್ತೆ. ಮಣ್ಣು ಒತ್ತಿದರೆ ಅದಕ್ಕೆ ಉಸಿರು ಕಟ್ಟುತ್ತೆ.

ಬೇಲಿ ಹಾಕೋಣ ಅಂತ ಸಭೆಯಲ್ಲಿ ಮತ ಬಂತು. ಆಗ ನಾನು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಟರ್ನರ್ಸ್ ಓಕ್ ಮರದ ವಿಷಯ ಹೇಳಿದೆ. 1987ರ ಅಕ್ಟೋಬರ್‌ನಲ್ಲಿ ದಕ್ಷಿಣ ಇಂಗ್ಲೆಂಡಿಗೆ ದೊಡ್ಡ ಬಿರುಗಾಳಿ ಬಡಿಯಿತು. ಕ್ಯೂನಲ್ಲಿ ಒಂದೇ ರಾತ್ರಿ ಸುಮಾರು 700 ಮರ ಹೋದವು. ಈ ಓಕ್ ಮಾತ್ರ ಬೇರುಸಮೇತ ಮೇಲೆದ್ದು ಮತ್ತೆ ಅದೇ ಜಾಗದಲ್ಲಿ ಕೂತಿತು. ಅದಕ್ಕೂ ಮುಂಚೆಯೇ ಸೊರಗಿದ್ದ ಮರ. ಸಾಯುತ್ತೆ ಅಂತ ಆಧಾರ ಕೊಟ್ಟು ಬಿಟ್ಟಿದ್ದರು. ಮೂರು ವರ್ಷ ಕಳೆದು ನೋಡಿದರೆ ಮುಂಚಿಗಿಂತ ಸೊಂಪಾಗಿ ಚಿಗುರಿತ್ತು. ವರ್ಷಗಟ್ಟಲೆ ಜನ ತುಳಿದು ಗಟ್ಟಿಯಾದ ಮಣ್ಣನ್ನು ಗಾಳಿ ಅಲುಗಾಡಿಸಿ ಸಡಿಲ ಮಾಡಿತ್ತು. ಆಮೇಲೆ ಕ್ಯೂನವರು ಒತ್ತಡದ ಗಾಳಿ ಊದಿ ಬೇರಿನ ಸುತ್ತ ಮಣ್ಣು ಸಡಿಲಿಸೋದನ್ನೇ ರೂಢಿ ಮಾಡಿಕೊಂಡರು.

ನಮ್ಮ ಹತ್ತಿರ ಅಂಥ ಯಂತ್ರ ಇರಲಿಲ್ಲ. ಗಡಾರಿಯಿಂದ ಬೇರಿಗೆ ತಾಗದ ಹಾಗೆ ಅಲ್ಲಲ್ಲಿ ತೂತು ಮಾಡಿ, ಗೊಬ್ಬರ ತುಂಬಿ, ಮೇಲೆ ಮರದ ಚಕ್ಕೆ ದಪ್ಪಗೆ ಹಾಸಿದೆವು. ಜನ ತುಳಿದು ಮಾಡಿದ ಗೆರೆಯನ್ನೇ ಅಧಿಕೃತ ದಾರಿ ಮಾಡಿ, ಕೊನೆಯಲ್ಲಿ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಬೆಂಚು ಹಾಕಿದೆವು. ಬೇಲಿ ಹಾಕಲಿಲ್ಲ. ಬೆಂಚಿದ್ದ ಕಡೆ ಜನ ಕೂತರು, ಅಷ್ಟೇ. ಆದರೆ ಆರು ಮುಖ್ಯ ಜಾತಿಗಳ ತಾಕಿನ ಕಡೆಗೆ ಯಾವ ದಾರಿಯನ್ನೂ ಕೊಡಲಿಲ್ಲ. ಅಲ್ಲಿ ಏನಿದೆ ಅಂತ ಫಲಕವೂ ಇಲ್ಲ. ಇದು ಜನರಿಂದ ಮುಚ್ಚಿಟ್ಟ ಹಾಗಲ್ಲವೇ ಅಂತ ಒಬ್ಬರು ಕೇಳಿದರು. ಹೌದು, ಮುಚ್ಚಿಟ್ಟ ಹಾಗೇ. ನನಗೆ ಅದರಲ್ಲಿ ಪಶ್ಚಾತ್ತಾಪ ಇಲ್ಲ.

ಹೆಸರುಪಟ್ಟಿಗಳದ್ದೇ ಇನ್ನೊಂದು ಕಥೆ. ಮೊದಲು ಮೊಳೆ ಹೊಡೆದು ಕೂರಿಸಿದ್ದೆವು. ಹಳೇ ಮರಗಳು ಎರಡು ವರ್ಷದಲ್ಲಿ ಅರ್ಧ ಪಟ್ಟಿಯನ್ನು ತೊಗಟೆಯೊಳಗೆ ನುಂಗಿಬಿಟ್ಟವು. ಈಗ ಮೊಳೆಗೆ ಸ್ಪ್ರಿಂಗ್ ಹಾಕಿದ್ದೇವೆ, ಮರ ದಪ್ಪಗಾದ ಹಾಗೆ ಪಟ್ಟಿ ಹೊರಗೆ ಸರಿಯುತ್ತೆ. ಕೆಲವು ಪಟ್ಟಿ ಕಳವೂ ಆದವು. ಅಪರೂಪದ ಮರದ್ದಲ್ಲ, ಹೆಸರು ತಮಾಷೆಯಾಗಿ ಕೇಳಿಸುವ ಮರದ್ದು. ಅದನ್ನು ನಾಲ್ಕು ಸಲ ಮಾಡಿಸಿ, ಐದನೆಯದನ್ನು ಕೈಗೆಟುಕದ ಕೊಂಬೆಗೆ ಕಟ್ಟಿದ್ದೇವೆ. ಓದೋಕೂ ಎಟುಕುತ್ತಿಲ್ಲ ಅಂತ ದೂರು ಬಂದಿದೆ.

ಆ 41 ಸಸಿಗಳನ್ನು ಬಿಸಾಡೋಕೆ ಯಾರಿಗೂ ಮನಸ್ಸು ಬರಲಿಲ್ಲ. ಗೇಟಿನ ಬಲಕ್ಕೆ, ಮಕ್ಕಳು ಆಡುವ ಹುಲ್ಲಿನ ಅಂಚಿಗೆ ನೆಟ್ಟೆವು. ಪುಸ್ತಕದಲ್ಲಿ ಅವಕ್ಕೂ ನಂಬರ್ ಕೊಟ್ಟು, ಮುಂದೆ ‘ಯು’ ಅಂತ ಬರೆದೆ. ಮೊದಲ ಪುಟದ ಕೆಂಪು ಸಾಲನ್ನು ಹೊಡೆದು ಹಾಕಬೇಕಾಯಿತು. ಈಗ ಏಳನೇ ವರ್ಷ. 36 ಬದುಕಿವೆ. ಇಡೀ ಅರ್ಬೊರೇಟಂನಲ್ಲಿ ಜನ ಜಾಸ್ತಿ ಕೂರೋದು ಅವುಗಳ ಕೆಳಗೇ. ಒಂದರ ಕೆಳಕೊಂಬೆಗೆ ಯಾರೋ ಉಯ್ಯಾಲೆ ಕಟ್ಟಿದ್ದರು. ಬಿಚ್ಚಿಸಿದೆವು, ಮರ ಇನ್ನೂ ಎಳೆಯದು.

ಹೋದ ತಿಂಗಳು ಆ ಸಾಲಿನ ತುದಿಯ ಮರ ಮೊದಲ ಸಲ ಹೂ ಬಿಟ್ಟಿತು. ಮಾಲಿ ಫೋನ್ ಮಾಡಿ ಕರೆದರು. ಏಣಿ ಹಾಕಿ ಒಂದು ರೆಂಬೆ ಕತ್ತರಿಸಿ, ಪೇಪರಲ್ಲಿ ಒತ್ತಿ ಮೇಡಂ ಹತ್ತಿರ ಒಯ್ದೆ. ಅವರು ಲೆನ್ಸ್ ಹಿಡಿದು ಎಸಳು, ಕೇಸರ ಎಲ್ಲ ಎಣಿಸಿ ಜಾತಿಯ ಹೆಸರು ಹೇಳಿದರು. ನಮ್ಮ ಆರರಲ್ಲಿ ಒಂದು. ತಾಯಿ ಯಾರು ಅನ್ನೋದು ಹೂ ನೋಡಿ ಗೊತ್ತಾಗೋದಿಲ್ಲ. ವಾಪಸ್ ಬಂದು ಹೊಸ ಪಟ್ಟಿಯಲ್ಲಿ ಹೆಸರು ಬರೆಯುವಾಗ ಮಾಲಿ ಪಕ್ಕ ಬಂದು ನಿಂತರು. ಬರೆದದ್ದನ್ನು ತೆಗೆದುಕೊಂಡು, ಹೆಬ್ಬೆರಳಿನಿಂದ ಎರಡು ಸಲ ಉಜ್ಜಿ ನೋಡಿ, “ಪೆನ್ಸಿಲ್ಲೇ ತಾನೇ?” ಅಂದರು.